ಪರದೆಗೆ ಬೆನ್ನು ಹಾಕಿ ಕೂತವರು

ಜನವರಿಯ ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಅಮೆರಿಕದ ಲಿನ್‌ವುಡ್‌ನ ನಮ್ಮ ಕಚೇರಿಯ ಎರಡನೆಯ ಮಹಡಿಯಲ್ಲಿ, ಗೋಡೆಯ ದೊಡ್ಡ ಪರದೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಪರದೆಯ ಮೇಲಿನ ದೀಪಗಳೆಲ್ಲ ಹಸಿರಾಗಿದ್ದವು. ಈರಣ್ಣ ಅದಕ್ಕೆ ಬೆನ್ನು ಹಾಕಿ ಕೂತಿದ್ದರು. ಅವರು ಯಾವಾಗಲೂ ಹಾಗೆಯೇ ಕೂರುತ್ತಿದ್ದರು.

ಆಸ್ಟ್ರೇಲಿಯಾದ ಸಣ್ಣ ಊರುಗಳಿಗೆ ಟೀವಿ ಬಿತ್ತರಿಸುವ ಬೆಟ್ಟದ ಮೇಲಿನ ಟ್ರಾನ್ಸ್‌ಮಿಟರುಗಳನ್ನು ದೂರದಿಂದ ಕಾಯುವುದು ನಮ್ಮ ಕೆಲಸ. ಚಂದಾ ಬೇಕಿಲ್ಲದ, ಮನೆಯ ಮೇಲೊಂದು ಆಂಟೆನಾ ಇದ್ದರೆ ಸಿಗುವ ಚಾನೆಲ್‌ಗಳು ಅವು. ಅಲ್ಲಿಯ ನಸುಕು ಮತ್ತು ಬೆಳಗು ನಮಗೆ ಹಗಲು. ಆ ಅನುಕೂಲಕ್ಕಾಗಿಯೇ ಕಂಪನಿ ಇಲ್ಲೊಂದು ಕೋಣೆ ಮಾಡಿತ್ತು. ಈರಣ್ಣ ಗದಗಿನ ಕಡೆಯವರು. ಅಲ್ಲಿ ಟೀವಿ ಮರುಪ್ರಸಾರ ಕೇಂದ್ರದಲ್ಲಿದ್ದು, ಆಮೇಲೆ ಬಹಳ ವರ್ಷ ಆಸ್ಟ್ರೇಲಿಯಾದ ಅವೇ ಬೆಟ್ಟಗಳನ್ನು ಹತ್ತಿಳಿದು, ಕೊನೆಗೆ ಮಗಳಿದ್ದ, ಇಲ್ಲೇ ಪಕ್ಕದ ಮಿಲ್ ಕ್ರೀಕ್‌ಗೆ ಬಂದು ನಮ್ಮ ಕೋಣೆ ಸೇರಿದ್ದರು.

ಬೆನ್ನು ಹಾಕಿ ಕೂರುವುದೇಕೆ ಎಂದು ಮೊದಲ ವಾರವೇ ಕೇಳಿದ್ದೆ. ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಒತ್ತುತ್ತಾ ಹೇಳಿದರು: "ತಮ್ಮಾ, ಬೆಟ್ಟದ ಮ್ಯಾಲ ಬಿಳೀ ಗಿಳಿ ಕೇಬಲ್ ಕಡದ್ರ ಆ ಪರದೆಗೆ ಗೊತ್ತಾಕ್ಕೈತಿ. ಮುದುಕಿ ಮನ್ಯಾಗ ಧಾರಾವಾಹಿ ನಿಂತ್ರ ಗೊತ್ತಾಗೂದಿಲ್ಲ. ಅದನ್ನ ಮುದುಕೀನ ಕೇಳಬೇಕು."

ಅವರು ಹಾಗೆ ಕೇಳುತ್ತಲೂ ಇದ್ದರು. ಒಂದೊಂದು ಬೆಟ್ಟದ ಕೆಳಗಿನ ಊರಿನಲ್ಲಿ ಎಂಟೊಂಬತ್ತು ಮನೆಗಳ ಪಟ್ಟಿ ಇಟ್ಟಿದ್ದರು. ದಿನವೂ ಒಂದು ಊರಿನ ಪಟ್ಟಿಗೆ ಫೋನ್. ಇಂಗ್ಲಿಷ್ ಮಾತು, ಗದಗಿನ ರಾಗ. ಚಿತ್ರ ಬರುತ್ತಿದೆಯಾ ಎಂದಷ್ಟೇ ಕೇಳಿ ಬಿಡುತ್ತಿರಲಿಲ್ಲ. "ಟೀವಿಯೊಳಗಿನ ಮನುಷ್ಯ ಕಣ್ಣು ಮಿಟುಕಿಸ್ತಿದಾನಾ?" ಎಂದು ಕೇಳುತ್ತಿದ್ದರು. ಆಮೇಲೆ ಮೊಣಕಾಲು ನೋವು, ನಾಯಿ, ಮಳೆ. ಉಡುಪಿಯವನಾದ ನನ್ನ ಕನ್ನಡವನ್ನು "ಪುಸ್ತಕದಾಗಿಂದು" ಎಂದು ಕೆಣಕುತ್ತಿದ್ದ ಅವರಿಗೆ ಆ ಮುದುಕರ ಇಂಗ್ಲಿಷ್ ಮಾತ್ರ ಬಲು ಇಷ್ಟ.

ಇಲ್ಲಿ ನಾನೊಂದು ವಿಷಯ ಬಚ್ಚಿಡದೆ ಬರೆಯಬೇಕು. ಈ ಫೋನುಗಳು ಹಳೆಯ ಕಾಲದ ಅಭ್ಯಾಸವೆಂದು ನನಗನಿಸಿತ್ತು. ಅವನ್ನು ನಿಲ್ಲಿಸಬಹುದು, ಪರದೆಯ ಮಾಹಿತಿಯೇ ಸಾಕು ಎಂದು ಒಂದು ಸೂಚನೆಯ ಕರಡು ಬರೆದುಕೊಟ್ಟೆ. ನಮ್ಮ ಮೇಲ್ವಿಚಾರಕಿ ಡೆನೀಸ್ ಅದನ್ನು ತಮ್ಮ ಹೆಸರಿನಲ್ಲಿ ಹೊರಡಿಸಿದರು. ಈರಣ್ಣ ಅದನ್ನು ಎರಡು ಸಲ ಓದಿದರು. ಪಟ್ಟಿಗಳನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟರು. ಮೂರು ವಾರ ಯಾರಿಗೂ ಫೋನ್ ಮಾಡಲಿಲ್ಲ.

ಆ ಮಂಗಳವಾರ ಅಲ್ಲಿ ಬುಧವಾರ ಬೆಳಗಿನ ಹತ್ತು ಗಂಟೆ ಹತ್ತು ನಿಮಿಷ. ಒಂದು ಊರಿನ ಪಶ್ಚಿಮಕ್ಕೆ ಕಾಡ್ಗಿಚ್ಚು ಎದ್ದಿತ್ತು. ಅಲ್ಲಿಯ ಮೊಬೈಲ್ ಗೋಪುರ ಬೆಳಗ್ಗೆಯೇ ಸತ್ತಿತ್ತು. ಬೆಂಕಿಯ ಸುದ್ದಿಗೆ ಆ ಜನ ನಂಬಿದ್ದು ಟೀವಿಯನ್ನು. ಪರದೆಯಲ್ಲಿ ಆ ಊರಿನ ಬೆಟ್ಟದ ದೀಪ ಹಸಿರಾಗಿತ್ತು. ಮೂರು ಗಂಟೆಗೆ ದಿನಚರಿಯಲ್ಲಿ 'ಎಲ್ಲ ಸರಿಯಿದೆ' ಎಂದು ಬರೆದವನು ನಾನೇ.

ಈರಣ್ಣ ಕನ್ನಡಕದ ಡಬ್ಬಿ ತೆರೆದರು.

"ಡೆನೀಸ್ ಬೈತಾರೆ, ಸರ್," ಅಂದೆ.

"ಬೈಯ್ಲಿ ಬಿಡು. ಬೈಸ್ಕೊಂಡ್ರ ನನ್ನ ಕಿವಿ ಅಷ್ಟ ಸುಡತಾವ."

ಮೊದಲ ಹೆಸರು ಜೋನ್, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಪಟ್ಟಿಯ ಉಳಿದವರಂತೆ ಅವರ ಮನೆಯಲ್ಲೂ ತಂತಿಯ ಹಳೆಯ ಫೋನಿತ್ತು. ಈರಣ್ಣ ಸ್ಪೀಕರ್ ಹಾಕಿದರು. ಚಿತ್ರ ಚೆನ್ನಾಗಿದೆ, ಸ್ವಚ್ಛವಾಗಿದೆ ಎಂದರು ಜೋನ್. ಈರಣ್ಣ ತಮ್ಮ ಎಂದಿನ ಪ್ರಶ್ನೆ ಕೇಳಿದರು. ಜೋನ್ ರಿಸೀವರ್ ಕೆಳಗಿಟ್ಟು ಟೀವಿಯ ಹತ್ತಿರ ಹೋಗಿ ಬಂದದ್ದು ಕೇಳಿಸಿತು.

"ಇಲ್ಲ," ಎಂದರು ಜೋನ್. "ಕೈ ಎತ್ತಿದವನು ಎತ್ತಿಕೊಂಡೇ ಇದಾನೆ. ಮೂಲೆಯ ಗಡಿಯಾರ ಒಂಬತ್ತು ನಲವತ್ತೆಂಟು ಅಂತಿದೆ."

ಇಪ್ಪತ್ತೆರಡು ನಿಮಿಷ. ಬೆಟ್ಟಕ್ಕೆ ಚಿತ್ರ ಕಳಿಸುವ ಪೆಟ್ಟಿಗೆ ಒಂದೇ ಚಿತ್ರದಲ್ಲಿ ಸಿಕ್ಕಿಕೊಂಡಿತ್ತು. ಟ್ರಾನ್ಸ್‌ಮಿಟರ್ ಅದನ್ನೇ ಪೂರ್ತಿ ಶಕ್ತಿಯಿಂದ ಬಿತ್ತರಿಸುತ್ತಿತ್ತು. ಆ ಇಪ್ಪತ್ತೆರಡು ನಿಮಿಷದಲ್ಲಿ ಎಚ್ಚರಿಕೆ ಬದಲಾಗಿತ್ತು. ಮೊದಲು 'ಗಮನವಿಡಿ' ಎಂದಿದ್ದದ್ದು ಈಗ 'ತಕ್ಷಣ ದಕ್ಷಿಣದ ರಸ್ತೆಯಿಂದ ಹೊರಡಿ' ಎಂದಾಗಿತ್ತು. ಈರಣ್ಣ ಕಂಪ್ಯೂಟರಿನಲ್ಲಿದ್ದ ಸರಕಾರದ ಎಚ್ಚರಿಕೆಯನ್ನು ಅಕ್ಷರ ಬಿಡದೆ ಜೋನ್‌ಗೆ ಓದಿ ಹೇಳಿದರು. ನನ್ನತ್ತ ತಿರುಗಿ, "ನೀ ಪೆಟ್ಟಿಗಿ ನೋಡು. ಗಡಬಡಿಸಬ್ಯಾಡ," ಎಂದರು. ನಾನು ಎರಡು ಸಲ ಪಾಸ್‌ವರ್ಡ್ ತಪ್ಪಾಗಿ ಒತ್ತಿದೆ. ಮೂರು ಇಪ್ಪತ್ತೊಂದಕ್ಕೆ ಚಿತ್ರ ಚಲಿಸಿತು.

ಪಟ್ಟಿಯಲ್ಲಿ ಒಂಬತ್ತು ಮನೆ. ಎಂಟು ಮನೆಯವರು ಫೋನ್ ಎತ್ತಿದರು, ತಮ್ಮ ಅಕ್ಕಪಕ್ಕದವರಿಗೂ ಹೇಳುತ್ತೇವೆಂದರು. ಎತ್ತದವರು ಕಾಲಿನ್, ಬೆಟ್ಟದ ಬುಡದಲ್ಲಿ ಒಬ್ಬರೇ ಇದ್ದ ಮುದುಕರು. ಈರಣ್ಣ ಮತ್ತೆ ಮತ್ತೆ ಒತ್ತಿದರು. ಡೆನೀಸ್ ಒಳಗೆ ಬಂದು, ನಡೆದದ್ದನ್ನು ಕೇಳಿ, ಬೈಯಲಿಲ್ಲ. ತಮ್ಮ ಫೋನಿನಿಂದಲೂ ಅದೇ ನಂಬರು ಒತ್ತಿದರು. ಅಲ್ಲಿಯ ತುರ್ತು ಸೇವೆಗೂ ತಿಳಿಸಿದೆವು. ಹೊರಡುತ್ತಿದ್ದ ಜೋನ್‌ಗೆ ಮತ್ತೆ ಫೋನ್ ಮಾಡಿ ಹೇಳಿದಾಗ, ಆ ಮನೆ ತಮ್ಮ ದಾರಿಯಲ್ಲೇ ಇದೆ, ನೋಡುತ್ತೇನೆ ಎಂದರು. ಅಷ್ಟರಲ್ಲಿ ಅವರ ಮನೆಯ ಫೋನೂ ಕಡಿದುಹೋಯಿತು.

ನಾಲ್ಕೂವರೆಯ ಹೊತ್ತಿಗೆ ಲಿನ್‌ವುಡ್‌ನಲ್ಲಿ ಕತ್ತಲಾಗತೊಡಗಿತು. ಕಿಟಕಿಯಾಚೆ ರೈಲುಗಳು ದೀಪ ಹಾಕಿಕೊಂಡು ಬಂದು ಹೋಗುತ್ತಿದ್ದವು. ಈರಣ್ಣ ರೊಟ್ಟಿಯ ಡಬ್ಬಿಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ನಾನು ಆ ಸೂಚನೆಯ ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಓದುತ್ತಿದ್ದೆ.

ಐದಕ್ಕೆ ಎರಡು ನಿಮಿಷವಿದ್ದಾಗ ಜೋನ್ ಫೋನ್ ಮಾಡಿದರು, ಪಕ್ಕದ ಊರಿನ ಆಸರೆ ಕೇಂದ್ರದಿಂದ. ಕಾಲಿನ್ ಅವರ ಜೊತೆಗಿದ್ದರು. ಚಿತ್ರ ನಿಂತದ್ದು ತಮ್ಮ ಆಂಟೆನಾ ಗಾಳಿಗೆ ತಿರುಗಿದ್ದರಿಂದ ಎಂದುಕೊಂಡು, ಆ ಮುದುಕರು ಸ್ಪ್ಯಾನರ್ ಹಿಡಿದು ಮನೆಯ ಛಾವಣಿ ಹತ್ತಿದ್ದರಂತೆ. ಹೊಗೆಯಲ್ಲಿ ನಿಂತು ಆಂಟೆನಾ ತಿರುಗಿಸುತ್ತಿದ್ದವರನ್ನು ಜೋನ್ ಬೈದು ಇಳಿಸಿದ್ದರು. ಕಾಲಿನ್ ಮನೆ ಉಳಿಯಲಿಲ್ಲ.

ಕಾಲಿನ್ ಫೋನ್ ಕಸಿದುಕೊಂಡರು. "ಮೂರು ವಾರ ಎಲ್ಲಿಗೆ ಹೋಗಿದ್ದೆ, ಮಾರಾಯ? ಯಾಕೆ ಫೋನ್ ಮಾಡಲಿಲ್ಲ?"

ಈರಣ್ಣ ಡೆನೀಸ್ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ನನ್ನದೇ ತಪ್ಪು," ಎಂದರು.

ಮರುದಿನವೇ ಡೆನೀಸ್ ಸೂಚನೆಯನ್ನು ಹಿಂತೆಗೆದುಕೊಂಡರು. ಈರಣ್ಣ ಆ ವರ್ಷವೇ ನಿವೃತ್ತರಾದರು. ಕೊನೆಯ ಸಲ ಅವರನ್ನು ಕಂಡದ್ದು ಮಿಲ್ ಕ್ರೀಕ್‌ನ ಮಗಳ ಮನೆಯಲ್ಲಿ. ಆಗಲೇ ಕಾಯಿಲೆ ಅವರನ್ನು ಅರ್ಧ ಮಾಡಿತ್ತು. ನಾನು ಬಾಯಿ ಬಿಡುವ ಮೊದಲೇ ಕನ್ನಡಕದ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಆ ಕಾಗದ ಬರ್ದಾವ ನೀನ ಅಂತ ನನಗ ಅವತ್ತ ಗೊತ್ತಿತ್ತಪಾ. ನಿನ್ನ ಇಂಗ್ಲಿಷೂ ಪುಸ್ತಕದಾಗಿಂದ." ನಕ್ಕರು, ಕೆಮ್ಮಿದರು. "ಕಾಲಿನ್‌ಗ ಬೆಳಿಗ್ಗೆ ಒಂಬತ್ತರೊಳಗ ಮಾಡು. ಆಮ್ಯಾಲ ಮುದಕ ಕೈಗೆ ಸಿಗೂದಿಲ್ಲ."

ಹನ್ನೊಂದು ದಿನದ ನಂತರ ಅವರು ತೀರಿಕೊಂಡರು.

ಆ ಮಧ್ಯಾಹ್ನವನ್ನು ಪೂರ್ತಿ ಬಲ್ಲವರಲ್ಲಿ ಈಗ ಉಳಿದವರು ನಾವು ನಾಲ್ವರು. ಡೆನೀಸ್ ಮರ್ಸರ್ ಐಲ್ಯಾಂಡ್‌ನಲ್ಲಿದ್ದಾರೆ. ಜೋನ್ ಅದೇ ಊರಿನ ಅದೇ ಮನೆಯಲ್ಲಿದ್ದಾರೆ. ನಾನಿದ್ದೇನೆ. ಕಾಲಿನ್ ಜೋನ್ ಮನೆಯ ಎದುರಿಗೇ ಚಿಕ್ಕದೊಂದು ಮನೆ ಹಿಡಿದಿದ್ದಾರೆ. ಇವತ್ತು ನಮ್ಮ ಒಂದೂಮುಕ್ಕಾಲಿಗೆ, ಅವರ ಒಂಬತ್ತರೊಳಗೆ, ಏಳನೆಯ ರಿಂಗಿಗೆ ಫೋನ್ ಎತ್ತಿ, ನಾನು ಕೇಳುವ ಮೊದಲೇ ಹೇಳಿದರು: "ಮಿಟುಕಿಸ್ತಿದಾನೆ."