ರಾಗಿಕಲ್ಲಿನ ಹಾಡಿನಲ್ಲಿ ಕೂಗಿದ ಕುಕ್ಕರ್

ಹಾಡಿನ ನಡುವೆ ಕುಕ್ಕರ್ ಕೂಗಿದರೆ ಅದು ಸಂಗೀತವೋ ಅಡಿಗೆಯೋ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಸಂಗೀತ ಅಂತಲೇ ವಾದ ಮಾಡುತ್ತೇನೆ. ವಾದ ಮಾಡುವುದು ನನ್ನ ಹುಟ್ಟುಗುಣ. ಮನೆಯಲ್ಲಿ ನನ್ನ ಗಂಡ, ಶಾಲೆಯಲ್ಲಿ ನನ್ನ ಗಣಿತದ ಪಾಠಕ್ಕೆ ಕೂರುವ ಮಕ್ಕಳು, ಎಲ್ಲರೂ ಇದಕ್ಕೆ ಸಾಕ್ಷಿ. ಆದರೆ ಹೋದ ವರ್ಷ ಅಂಥ ಒಂದು ಕೂಗನ್ನೂ, ಅದರ ಬೆನ್ನಿಗೇ ಬರುವ ಒಬ್ಬ ತಾಯಿಯ ದನಿಯನ್ನೂ ಹುಡುಕಿಕೊಂಡು ಮನೆಯ ಕಪಾಟುಗಳನ್ನೆಲ್ಲ ತಲೆಕೆಳಗು ಮಾಡುತ್ತಿದ್ದಾಗ ನನಗೆ ವಾದಕ್ಕೆ ಪುರಸೊತ್ತಿರಲಿಲ್ಲ. ಆ ತಾಯಿಗೆ ಮಾತು ಹೋಗಿತ್ತು. ಅವರ ದನಿ ಎಲ್ಲಾದರೂ ಉಳಿದಿದ್ದರೆ ಆ ಹಾಡಿನಲ್ಲಿ ಮಾತ್ರ ಉಳಿದಿರಬೇಕಿತ್ತು.

ಹಾಡು ನಮ್ಮ ಬ್ಯಾಂಡಿನದು. ನಮ್ಮದು ಅನ್ನುವುದು ಪ್ರೀತಿಗೆ ಅಷ್ಟೆ, ಅವರಿಗೆ ನಾವು ಯಾರೆಂದೇ ಗೊತ್ತಿಲ್ಲ. ಕಂಸಾಳೆ, ತಮಟೆ, ಎಲೆಕ್ಟ್ರಿಕ್ ಗಿಟಾರು ಎಲ್ಲವನ್ನೂ ಒಂದೇ ಮನೆಯಲ್ಲಿ ಸಂಸಾರ ಮಾಡಿಸಿದ ಹುಡುಗರು ಅವರು. ಬ್ಯಾಂಡಿನ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಉಳಿದ ಅಭಿಮಾನಿಗಳು, ನಿಮಗೆ ಮೊದಲನೇ ಆಲ್ಬಮ್ ಯಾಕೆ ಇಷ್ಟ, ಎರಡನೇದು ಯಾಕೆ ಇಷ್ಟವಿಲ್ಲ ಎಂದು ಮನೆ ಬಾಗಿಲಿಗೇ ಬಂದು ಜಗಳಕ್ಕೆ ನಿಲ್ಲುತ್ತಾರೆ.

ಆ ಜಗಳ ನಮ್ಮೊಳಗೇ ಸಾಕಷ್ಟಿದೆ. ನಾವು ನಾಲ್ಕು ಜನ ತಿಂಗಳ ಕೊನೆಯ ಭಾನುವಾರ ಜಯಲಕ್ಷ್ಮಿಪುರಂನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರ ಮನೆಯ ಮಹಡಿಯಲ್ಲಿ ಸೇರುತ್ತೇವೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವರು, ಮನೆ ತುಂಬ ಕುಂಡ, ಕುಂಡಗಳ ನಡುವೆ ಆಳೆತ್ತರದ ಸ್ಪೀಕರ್. ಇನ್ನೊಬ್ಬಳು ಹಲ್ಲಿನ ಡಾಕ್ಟರು. ಮತ್ತೊಬ್ಬರು ಲಷ್ಕರ್ ಮೊಹಲ್ಲಾದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವವರು. ಅವರ ಅಂಗಡಿಯಲ್ಲಿ ಕನ್ನಡಕ ಮಾಡಿಸಲು ಹೋಗಿ, ಅಲ್ಲಿ ಹಾಕಿದ್ದ ಹಾಡಿಗೆ ಕಾಲು ಕುಣಿಸಿದ್ದೇ ನಾನು ಈ ಗುಂಪಿಗೆ ಬಿದ್ದ ಕಾರಣ. ರಾಜೀವನಗರದಿಂದ ಸ್ಕೂಟರಿನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿಬರುವುದನ್ನು ನನ್ನ ಗಂಡ ಇವತ್ತಿಗೂ ತೀರ್ಥಯಾತ್ರೆ ಅನ್ನುತ್ತಾರೆ.

ನಮ್ಮ ಭಾನುವಾರಕ್ಕೆ ಕೆಲವು ಕಟ್ಟುಪಾಡುಗಳಿವೆ. ಒಬ್ಬೊಬ್ಬರು ಒಂದೊಂದು ಹಾಡು ತರಬೇಕು, ಅದು ಯಾಕೆ ಇಷ್ಟ ಅನ್ನುವುದನ್ನು ಹೇಳಬೇಕು. 'ಎಲ್ಲಾ ಹಾಡೂ ಚೆನ್ನಾಗಿದೆ' ಅಂದವರು ಎದ್ದುಹೋಗಿ ಎಲ್ಲರಿಗೂ ಕಾಫಿ ಮಾಡಬೇಕು. ಹಾಡು ನಡೆಯುವಾಗ ಯಾರೂ ತುಟಿ ಬಿಚ್ಚುವ ಹಾಗಿಲ್ಲ, ಮುಗಿದ ಮೇಲೆ ಎಷ್ಟು ಬೇಕಾದರೂ ಕಿತ್ತಾಡಬಹುದು. ಮೇಷ್ಟ್ರದು ಎರಡನೇ ಆಲ್ಬಮ್. ಅದರಲ್ಲಿ ಗಿಟಾರು ತಮಟೆಯ ಮುಂದೆ ತಗ್ಗಿ ಬಗ್ಗಿ ನಡೆದುಕೊಳ್ಳುತ್ತದೆ ಅನ್ನುವುದು ಅವರ ಪಕ್ಷ. ಡಾಕ್ಟರಿಗೆ ಮೂರನೇ ಆಲ್ಬಮ್ಮಿನ ಅಳುಮುಂಜಿ ಹಾಡುಗಳೇ ಬೇಕು. ದಿನವೆಲ್ಲ ಜನ ಅಳುವುದನ್ನು ನೋಡಿಯೂ ಇವಳಿಗೆ ಸಾಲುವುದಿಲ್ಲವಲ್ಲ ಎಂದು ನಾನು ರೇಗಿಸುತ್ತೇನೆ. ಕನ್ನಡಕದವರೂ ನಾನೂ ಮೊದಲನೇ ಆಲ್ಬಮ್ಮಿನ ಕಡೆ.

ಆ ಮೊದಲನೇ ಆಲ್ಬಮ್ ಆಗ ಎಲ್ಲೂ ಸಿಗುತ್ತಿರಲಿಲ್ಲ. ಅದರ ಸಿಡಿ ಇದ್ದದ್ದು ಕನ್ನಡಕದವರ ಹತ್ತಿರ ಮಾತ್ರ, ಅದೂ ಗೀರುಬಿದ್ದು ಕಂಪ್ಯೂಟರಿಗೆ ಬೇಡವಾಗಿತ್ತು. ಅವರ ಮನೆಯ ಹಳೇ ಪ್ಲೇಯರ್ ಮಾತ್ರ ಅದನ್ನು ಹಾಡಿಸುತ್ತಿತ್ತು. ಅವರು ಪ್ಲೇಯರಿನ ಮುಂದೆ ಫೋನಿಟ್ಟು ಅಷ್ಟೂ ಹಾಡನ್ನು ರೆಕಾರ್ಡ್ ಮಾಡಿ, ಪೆನ್‌ಡ್ರೈವಿನಲ್ಲಿ ತಂದು ನಮಗೆಲ್ಲ ಹಂಚಿದರು. ನಾವು ಆ ಆಲ್ಬಮ್ಮನ್ನು ಕೇಳಿದ್ದು, ಬಾಯಿಪಾಠ ಮಾಡಿದ್ದು ಎಲ್ಲ ಆ ಪ್ರತಿಯಿಂದಲೇ.

ಅದರಲ್ಲಿ ರಾಗಿ ಬೀಸುವ ಹಾಡೊಂದಿದೆ, ನಾವು ಅದನ್ನು ರಾಗಿಕಲ್ಲಿನ ಹಾಡು ಅನ್ನುತ್ತೇವೆ. ಅರ್ಧಕ್ಕೆ ಬಂದಾಗ ತಮಟೆ, ಗಿಟಾರು ಎರಡೂ ನಿಂತು ಒಂದು ಉಸಿರಿನಷ್ಟು ಹೊತ್ತು ಮೌನ. ಆ ಮೌನದಲ್ಲಿ ಒಂದು ಕುಕ್ಕರ್ ಉದ್ದಕ್ಕೆ ಕೂಗುತ್ತದೆ. ಒಬ್ಬ ಹೆಂಗಸು, 'ಕೂಗ್ತಲ್ಲೋ, ಕಿವಿ ಕೇಳಕ್ಕಿಲ್ವಾ, ಆರ್ಸೋಗು' ಅನ್ನುತ್ತಾಳೆ. ಅಷ್ಟಕ್ಕೆ ಕಂಸಾಳೆ ಝಲ್ಲೆಂದು ಬಂದು ಹಾಡನ್ನು ಎತ್ತಿಕೊಂಡು ಹೋಗುತ್ತದೆ.

ಇದನ್ನು ಕೇಳಿ ನಾನು ಮರುಳಾಗಿದ್ದೆ. ಹಳೇ ಅಡಿಗೆಮನೆಯ ರಾಗಿಕಲ್ಲಿಗೆ ಹೊಸ ಅಡಿಗೆಮನೆಯ ಕುಕ್ಕರ್ ಉತ್ತರ ಕೊಡುತ್ತಿದೆ, ಎಂಥ ಯೋಚನೆ ಈ ಹುಡುಗರದು ಎಂದು ಒಂದು ಭಾನುವಾರ ಪೂರಾ ಭಾಷಣ ಮಾಡಿದೆ. ಮೇಷ್ಟ್ರು ಅಷ್ಟಕ್ಕೆ ನಿಲ್ಲಲಿಲ್ಲ. ಆರಿಸು ಅಂದರೆ ಒಳಗಿನ ಬೆಂಕಿ ಆರಿಸು ಅಂತ, ಇದು ನೇರ ತತ್ವಪದದ ದಾರಿ ಎಂದು ಕಣ್ಣು ಮುಚ್ಚಿ ವಿವರಿಸಿದರು. ಡಾಕ್ಟರು ಆ ಹೆಂಗಸಿನ ದನಿಯಲ್ಲಿ ಹೇಳಲಾರದ ನೋವಿದೆ ಅಂದಳು. ಕನ್ನಡಕದವರು ಮೂಲೆಯಲ್ಲಿ ಕೂತು ತಮ್ಮ ಕನ್ನಡಕವನ್ನು ಒರೆಸಿದ್ದೇ ಒರೆಸಿದ್ದು. ನಮ್ಮ ಮಾತಿಗೆ ಅವರ ಮನಸ್ಸು ತುಂಬಿ ಬಂದಿದೆ ಎಂದುಕೊಂಡೆವು.

ಇದಾಗಿ ಬಹಳ ಕಾಲದ ಮೇಲೆ ಬ್ಯಾಂಡಿನವರು ಮೊದಲನೇ ಆಲ್ಬಮ್ಮನ್ನು ಚೊಕ್ಕ ಮಾಡಿ ಫೋನಿನಲ್ಲಿ ಕೇಳುವಂತೆ ಮತ್ತೆ ಹೊರತಂದರು. ನಾನು ಹಬ್ಬದ ಉತ್ಸಾಹದಲ್ಲಿ ರಾಗಿಕಲ್ಲಿನ ಹಾಡು ಹಾಕಿದೆ. ಮೌನ ಬಂತು, ಕುಕ್ಕರ್ ಬರಲಿಲ್ಲ. ಹೆಂಗಸೂ ಬರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಹಾಡಿನ ಜೀವವನ್ನೇ ಕತ್ತರಿಸಿ ಬಿಸಾಕಿದ್ದೀರಿ, ಆ ಹೆಣ್ಣುದನಿಯನ್ನು ತೆಗೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು ಎಂದು ಬ್ಯಾಂಡಿನವರಿಗೇ ಉದ್ದದ ಮೆಸೇಜು ಬರೆದೆ. ಸಂಜೆಯೊಳಗೆ ಉತ್ತರ ಬಂತು. 'ಅಕ್ಕಾ, ನಮ್ಮ ಹಾಡಲ್ಲಿ ಯಾವತ್ತೂ ಕುಕ್ಕರ್ ಇರ್ಲಿಲ್ಲ. ನಿಮ್ಮ ಹತ್ರ ಇರೋದನ್ನ ದಯವಿಟ್ಟು ಕಳ್ಸಿ, ನಮಗೂ ಕೇಳ್ಬೇಕು ಅನ್ನಿಸ್ತಿದೆ.'

ನಾಚಿಕೆಯಿಂದ ನಾನು ಏನನ್ನೂ ಕಳಿಸಲಿಲ್ಲ. ಮುಂದಿನ ಭಾನುವಾರ ಆ ಉತ್ತರವನ್ನು ಎಲ್ಲರಿಗೂ ಓದಿ ಹೇಳಿದಾಗ ಕನ್ನಡಕದವರಿಗೆ ನಗು ತಡೆಯಲಾಗಲಿಲ್ಲ.

'ಅದು ನಮ್ಮಮ್ಮ ಕಣ್ರೀ' ಅಂದರು. 'ರೆಕಾರ್ಡ್ ಮಾಡೋವಾಗ ಅಡಿಗೆಮನೇಲಿ ಕುಕ್ಕರ್ ಇಟ್ಟಿದ್ರು. ನನಗೇ ಬೈದಿದ್ದು.'

'ಮತ್ತೆ ಇಷ್ಟು ದಿವಸ ಯಾಕ್ರೀ ಬಾಯಿಬಿಡ್ಲಿಲ್ಲ?' ಎಂದೆ.

'ನೀವೆಲ್ಲಾ ಅಷ್ಟ್ ಚೆನ್ನಾಗಿ ಮಾತಾಡ್ತಿದ್ರಿ. ಕೆಡಿಸೋದ್ಯಾಕೆ ಅಂತ ಸುಮ್ನಾಗ್ಬುಟ್ಟೆ.'

ಮೇಷ್ಟ್ರು ತತ್ವಪದದ ಮಾತನ್ನು ಆಮೇಲೆ ಎತ್ತಲಿಲ್ಲ. ನಾವೆಲ್ಲ ಆ ಗಾಯಕಿಯನ್ನು ನೋಡಲೇಬೇಕೆಂದು ಹಟ ಹಿಡಿದು ಲಷ್ಕರ್ ಮೊಹಲ್ಲಾಕ್ಕೆ ಹೋದೆವು. ಅಂಗಡಿಯ ಹಿಂದೆಯೇ ಮನೆ. ಹಣೆಗೆ ಉದ್ದಕ್ಕೂ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಗಟ್ಟಿ ಜೀವ. ನಂಜನಗೂಡಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು, ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಅವರೆಕಾಳಿನ ಉಪ್ಪಿಟ್ಟು ಬಡಿಸುತ್ತಾ, 'ನಾನ್ ಬೈದದ್ದ ಕೂತ್ಕಂಡು ಕೇಳ್ತೀರಂತೆ. ಬಿಟ್ಟಿ ಬೈಸ್ಕಳಕೆ ಅಷ್ಟ್ ದೂರ ಯಾಕೋಯ್ತೀರಿ, ಇಲ್ಗೇ ಬನ್ನಿ' ಅಂದರು. ಡಾಕ್ಟರು ಫೋನೆತ್ತಿ ವಿಡಿಯೊ ಮಾಡಲು ಹೋದಳು. ಅವರು ಬಾಯಿಗೆ ಸೆರಗು ಮುಚ್ಚಿಕೊಂಡು, ಫೋನು ಕೆಳಗಿಳಿಯುವವರೆಗೂ ಮಾತೇ ಆಡಲಿಲ್ಲ. ಮಗ ಹಿಡಿದರೂ ಹಾಗೇ ಅಂತೆ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನವಾಗಿ ದಾರಿಗೆ ಬಂದವು, ಕೋಲಿಲ್ಲದೆ ಓಡಾಡುವಂತಾದರು, ಆದರೆ ಮಾತು ಬರಲಿಲ್ಲ. ಕನ್ನಡಕದವರು ಕೆಲವು ತಿಂಗಳು ಬಿಟ್ಟು ನಮ್ಮ ಭಾನುವಾರಕ್ಕೆ ಬಂದರು. ಅಂದು ಅವರು ಯಾವ ಹಾಡನ್ನೂ ತಂದಿರಲಿಲ್ಲ.

'ಆ ಹಳೇ ಪ್ರತಿ ಯಾರತ್ರನಾದ್ರೂ ಇದ್ಯಾ?' ಎಂದು ಕೇಳಿದರು. 'ನನ್ನ ಫೋನು ಲೆನ್ಸ್ ತೊಳೆಯೋ ನೀರಿಗೆ ಬಿದ್ದು ಹೋಯ್ತು. ಪೆನ್‌ಡ್ರೈವ್ ಎಲ್ಲಿದ್ಯೋ, ಸಿಗ್ತಿಲ್ಲ. ದಿನಾ ಬೈಯ್ಯೋರು, ಈಗ ಮನೆ ಬಿಕೋ ಅಂತದೆ. ನನ್ ಮಗಳು ಚಿಕ್ಕವಳು, ಅಮ್ಮನ ಮಾತು ಎಂಗಿತ್ತು ಅಂತ ಮರ್ತ್ಬುಡ್ತಾಳೆ, ಕೇಳ್ಸೋಣ ಅಂದ್ರೆ ಒಂದು ತುಣುಕೂ ಇಲ್ಲ.'

ಚೊಕ್ಕ ಪ್ರತಿ ಬಂದ ಮೇಲೆ ಹಳೆಯದನ್ನು ಇಟ್ಟುಕೊಂಡವರು ಯಾರು? ಮೇಷ್ಟ್ರು ಶಿಸ್ತಿನ ಮನುಷ್ಯ, ಆವತ್ತೇ ಅಳಿಸಿದ್ದರು. ಡಾಕ್ಟರು ಅಷ್ಟರಲ್ಲಿ ಫೋನನ್ನೇ ಬದಲಾಯಿಸಿದ್ದಳು. ನನ್ನ ಫೋನಿನಲ್ಲಂತೂ ನೆಂಟರು ಕಳಿಸುವ ಶುಭೋದಯದ ಹೂಗಳಿಗೇ ಜಾಗ ಸಾಲದು. ಆದರೂ ಹುಡುಕಿ ಕೊಟ್ಟೇ ಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಕೊಟ್ಟ ಮಾತು ಉಳಿಸಿಕೊಳ್ಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಆ ವಾರ ನಮ್ಮ ಮನೆಗೆ ಕಳ್ಳರು ಬಂದುಹೋದಂತಿತ್ತು. ಹಳೇ ಫೋನುಗಳು, ಕೆಟ್ಟ ಚಾರ್ಜರುಗಳು, ಮಕ್ಕಳ ಕಂಪಾಸ್ ಪೆಟ್ಟಿಗೆ, ಕಾರಿನ ಡ್ಯಾಶ್‌ಬೋರ್ಡು, ಒಂದನ್ನೂ ಬಿಡಲಿಲ್ಲ. ಕಾರಿನಲ್ಲಿ ಸಿಕ್ಕ ಪೆನ್‌ಡ್ರೈವಿನಲ್ಲಿ ನನ್ನ ಗಂಡನ ಆಫೀಸಿನ ಕಡತಗಳಿದ್ದವು. ಭಾನುವಾರ ಬೆಳಗ್ಗೆ ಅಡಿಗೆಮನೆಯ ಡಬ್ಬಗಳ ಹಿಂದೆ ಕೈಯಾಡಿಸುತ್ತಿದ್ದಾಗ ನಮ್ಮ ಅತ್ತೆ ಬಾಗಿಲಲ್ಲಿ ಬಂದು ನಿಂತರು.

'ಏನವ್ವಾ, ಎಂಟ್ ದಿನದಿಂದ ಬೆಕ್ಕು ಬಗ್ಗಿ ನೋಡ್ದಂಗೆ ನೋಡ್ತಾನೇ ಇದ್ದೀಯ?'

'ಒಂದು ಹಾಡು ಅತ್ತೆ. ನಡುವೆ ಕುಕ್ಕರ್ ಕೂಗುತ್ತೆ.'

'ಮಾದಪ್ಪನ ಪದ ಆದ್ಮೇಕೆ ಬತ್ತದಲ್ಲ, ಅದಾ?'

ನಾನು ಡಬ್ಬ ಕೆಳಗಿಟ್ಟೆ. ಅತ್ತೆಯ ಹತ್ತಿರ ಅಂಗೈಯಗಲದ ಒಂದು ಸ್ಪೀಕರ್ ಡಬ್ಬಿ ಇದೆ. ಅದರ ಕಾರ್ಡಿಗೆ ಹಿಂದೊಮ್ಮೆ ದೇವರ ಹಾಡು ತುಂಬಿಸಿಕೊಡುವಾಗ ನಾನು ಅವಸರದಲ್ಲಿ ನಮ್ಮ ಬ್ಯಾಂಡಿನ ಹಾಡುಗಳನ್ನೂ ಸೇರಿಸಿಬಿಟ್ಟಿದ್ದೆನಂತೆ. ಅತ್ತೆ ಯಾವತ್ತೂ ದೂರಿರಲಿಲ್ಲ. ದಿನಾ ಬೆಳಗ್ಗೆ ಸೊಪ್ಪು ಬಿಡಿಸುತ್ತಾ ಜಗಲಿಯಲ್ಲಿ ಕೂತು ಅಷ್ಟನ್ನೂ ಕೇಳುತ್ತಿದ್ದರು, ಆ ಹೊತ್ತಿಗೆ ನಾನು ಸ್ಕೂಲಿನ ದಾರಿಯಲ್ಲಿರುತ್ತಿದ್ದೆ.

'ಆ ಯಮ್ಮ ಗದರ್ತದಲ್ಲ, ಆರ್ಸೋಗು ಅಂತ. ನಾನೂ ಎದ್ದೋಗಿ ನಮ್ ಒಲೆ ನೋಡ್ಕಬತ್ತೀನಿ. ಅದರ ದೆಸೆಯಿಂದ ನಮ್ಮನೇಲಿ ಒಂದಿನಾನೂ ಬೇಳೆ ಸೀದಿಲ್ಲ.'

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆ ಗಾಬರಿಯಾದರು. ವಿಷಯವನ್ನೆಲ್ಲ ಹೇಳಿ, ಡಬ್ಬಿ ಕೊಡಿ, ಮೊದಲು ಹೋಗಿ ಕೊಟ್ಟು ಬರುತ್ತೇನೆ ಅಂದೆ. ಅವರು ಕೊಡಲಿಲ್ಲ. 'ಡಬ್ಬಿ ನಂದು. ನಾನೂ ಬತ್ತೀನಿ' ಎಂದು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ನಾನು ದಾರಿಯಲ್ಲೇ ಸ್ಕೂಟರ್ ನಿಲ್ಲಿಸಿ ಎಲ್ಲರಿಗೂ ಫೋನು ಮಾಡಿದೆ. ಆ ತಿಂಗಳ ನಮ್ಮ ಕೂಟ ಕೊನೆಯ ಭಾನುವಾರಕ್ಕೆ ಕಾಯದೆ ಅಂದೇ, ಮಹಡಿಯ ಬದಲು ಲಷ್ಕರ್ ಮೊಹಲ್ಲಾದ ಆ ಚಿಕ್ಕ ನಡುಮನೆಯಲ್ಲಿ ಸೇರಿತು.

ಕನ್ನಡಕದವರ ತಾಯಿ ಮಂಚದ ತುದಿಯಲ್ಲಿ ಕೂತಿದ್ದರು. ವಿಭೂತಿ ಹಾಗೇ ಇತ್ತು, ಮುಖ ಇಳಿದಿತ್ತು. ಅತ್ತೆ ನೇರ ಹೋಗಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. 'ನೀವೇನಾ ಆ ಯಮ್ಮ? ನೀವು ಹೇಳ್ದಂಗೇ ದಿನಾ ಒಲೆ ಆರುಸ್ತಾ ಇವ್ನಿ ಕಣಮ್ಮ' ಅಂದರು. ಅವರಿಗೆ ಅರ್ಥವಾಗಲಿಲ್ಲ, ಮಗನ ಮುಖ ನೋಡಿದರು. ಅತ್ತೆ ಡಬ್ಬಿಯನ್ನು ಅವರ ಮಡಿಲಲ್ಲಿಟ್ಟು ಗುಂಡಿ ಒತ್ತಿದರು.

ಹಾಡು ಶುರುವಾಯಿತು. ನಮ್ಮ ಕಟ್ಟುಪಾಡಿನಂತೆ ಯಾರೂ ಮಾತಾಡಲಿಲ್ಲ. ತಮಟೆ, ಗಿಟಾರು ನಿಂತವು. ಕುಕ್ಕರ್ ಕೂಗಿತು. 'ಕೂಗ್ತಲ್ಲೋ, ಕಿವಿ ಕೇಳಕ್ಕಿಲ್ವಾ, ಆರ್ಸೋಗು.'

ಕನ್ನಡಕದವರು ಕನ್ನಡಕ ತೆಗೆದು ತಲೆ ಬಗ್ಗಿಸಿದರು. ಅವರ ಮಗಳು ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. ಆಗ ಆ ತಾಯಿ ಕೈ ಚಾಚಿ ಮಗನ ಹೆಗಲಿಗೆ ಒಂದು ಏಟು ಕೊಟ್ಟರು. ಮಗ ತಲೆಯೆತ್ತಿದ ಕೂಡಲೇ ಅಡಿಗೆಮನೆಯ ಕಡೆ ಬೆರಳು ತೋರಿಸಿ ಕಣ್ಣು ಬಿಟ್ಟರು. ಬೈಯುವಾಗಿನ ಅದೇ ಮುಖ, ಅದನ್ನು ನಾನು ಉಪ್ಪಿಟ್ಟು ತಿನ್ನುವಾಗ ನೋಡಿದ್ದೆ.

ಒಲೆಯ ಮೇಲೆ ಏನೂ ಇರಲಿಲ್ಲ. ಕನ್ನಡಕದವರು ಎದ್ದು ಒಳಗೆ ಹೋದರು. ಹಾಡಿನ ಕಂಸಾಳೆಯ ನಡುವೆಯೂ ಸ್ಟವ್ವಿನ ಗುಂಡಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿದ್ದು ನಮಗೆಲ್ಲ ಕೇಳಿಸಿತು. ಅವರು ವಾಪಸು ಬಂದು ತಾಯಿಯ ಕಾಲ ಬಳಿ ಕೂತರು.

'ಆರ್ಸ್ಬುಟ್ಟೆ ಕಣಮ್ಮ' ಅಂದರು.