ಚನ್ನಮ್ಮನ ಮುಖದ ಪೋಸ್ಟರ್

ಭುವನೇಶ್ವರಿ ಹುಟ್ಟಿದ್ದು ಭಾಲ್ಕಿ ಹತ್ತಿರದ ಹಳ್ಳಿಯಲ್ಲಾದರೂ ಬೆಳೆದದ್ದೆಲ್ಲ ಮಹಾರಾಷ್ಟ್ರದ ಸಂಭಾಜಿನಗರದಲ್ಲಿ. ಅಪ್ಪನಿಗೆ ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ನೌಕರಿ. ಬೀದರ, ಕಲಬುರಗಿ ಕಡೆಯವರೇ ಹೆಚ್ಚಾಗಿದ್ದ ಗಲ್ಲಿಯಲ್ಲಿ ಅವರ ಬಾಡಿಗೆ ಮನೆ. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು. ಆಡಲು ಹೋದರೆ ನಡುವೆ ಮರಾಠಿ ನುಗ್ಗುತ್ತಿತ್ತು. ಚಿತ್ರಕಲಾ ಕಾಲೇಜಿನಲ್ಲಿ ಜಾಹೀರಾತು ವಿನ್ಯಾಸ ಕಲಿಯುತ್ತಿದ್ದ ಅವಳು ಯಾರ ಕೆಲಸಕ್ಕೂ ಒಲ್ಲೆ ಅಂದವಳಲ್ಲ. ಗೆಳತಿಯರ ಮನೆಯ ಮದುವೆ ಪತ್ರಿಕೆ, ಗಲ್ಲಿಯ ಗಣಪತಿ ಮಂಡಳದ ಬ್ಯಾನರು, ಎಲ್ಲ ಅವಳದೇ.

ಪಕ್ಕದ ಖೋಲಿಯಲ್ಲಿ ಚನ್ನಮ್ಮ ಇದ್ದಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು ಲತಾಳನ್ನು ನಾಸಿಕಕ್ಕೆ ಕೊಟ್ಟಿತ್ತು. ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಹಸುಗೂಸುಗಳಿಗೆ ಎರೆಯುವುದು ಅವಳ ಕೆಲಸ. ಕನ್ನಡದವರ ಮನೆಗಳಲ್ಲಿ ಶುರುವಾದ ಈ ಕೆಲಸ ಸುತ್ತಲಿನ ಮರಾಠಿ ಮನೆಗಳಿಗೂ ಹಬ್ಬಿತ್ತು. ಭುವನೇಶ್ವರಿಯ ತಾಯಿ ಶಿವಗಂಗಾ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಹುಡುಗಿಗೆ ಉಣಿಸಿದವಳು, ಮಲಗಿಸಿದವಳು ಚನ್ನಮ್ಮನೇ. ಹುಡುಗಿ ಅವಳನ್ನು ಆಯಿ ಎಂದು ಕರೆಯುತ್ತಿದ್ದಳು.

ಆ ವರ್ಷ ದೀಪಾವಳಿಯ ಬೆಳಿಗ್ಗೆ ಚನ್ನಮ್ಮ ಎಣ್ಣೆನೀರು ಹಾಕಿಕೊಂಡು ಮಾಳಿಗೆಯ ಮೇಲೆ ಕೂತಿದ್ದಳು. ಮುಂದೆ ಕೆಂಡದ ಮೇಲೆ ಲೋಬಾನ. ಬಿಚ್ಚಿದ ಬಿಳಿಗೂದಲನ್ನು ಹೊಗೆಗೆ ಒಡ್ಡಿ, ಕಣ್ಣು ಉರಿದು ಅರೆಮುಚ್ಚಿಕೊಂಡು, ತಲೆ ಒಂದು ಕಡೆ ವಾಲಿಸಿದ್ದಳು. ಭುವನೇಶ್ವರಿ ಫೋನು ಹಿಡಿದು ಕೇಳಿದಾಗ, ತನ್ನದೊಂದು ಪಟ ಯಾರೂ ತೆಗೆದಿಲ್ಲ, ತೆಗೆ ಬಿಡು ಎಂದು ನಕ್ಕಿದ್ದಳು.

ಡಿಸೆಂಬರಿನಲ್ಲಿ ಕಾಲೇಜಿನ ನಾಟಕ ತಂಡ ಏಕಾಂಕ ಸ್ಪರ್ಧೆಗೆ ಸಜ್ಜಾಯಿತು. ಮೊದಲ ಸುತ್ತು ಊರಲ್ಲೇ, ಕೊನೆಯದು ನಾಸಿಕದಲ್ಲಿ. ನಿರ್ದೇಶಕ ಹರಿದಾಸ ಸಿಲ್ಲೋಡ್ ಕಡೆಯ ಹತ್ತಿ ವ್ಯಾಪಾರಿಯ ಮಗ. ನಾಟಕವನ್ನೂ ಅವನೇ ಬರೆದಿದ್ದ. ಒಂಟಿ ಮುದುಕಿಯೊಬ್ಬಳನ್ನು ಊರವರು ಮಾಟಗಾತಿ ಎಂದು ಹೆಸರಿಟ್ಟು ಹೊರಹಾಕುವ ಕಥೆ. 'ವೇಶೀವರಚಿ ಚೇಟಕೀಣ' ಎಂದು ಹೆಸರು, ಅಂದರೆ ಊರಬಾಗಿಲ ಮಾಟಗಾತಿ. ಪೋಸ್ಟರು, ಟಿಕೆಟು, ಫೋನಿನಲ್ಲಿ ಹಂಚುವ ಚಿತ್ರ ಎಲ್ಲ ಭುವನೇಶ್ವರಿಯ ಪಾಲಿಗೆ ಬಂದವು.

ಅವಳು ಮೊದಲು ಊರಬಾಗಿಲು ಬರೆದಳು, ಆಮೇಲೆ ಬರೀ ಎರಡು ಕೈ. ಹರಿದಾಸನಿಗೆ ಯಾವುದೂ ಹಿಡಿಸಲಿಲ್ಲ. ಗೋಡೆಯ ಮೇಲೆ ಕಂಡರೆ ಬೈಕು ನಿಲ್ಲಬೇಕು, ಅಂಥದ್ದು ಬೇಕು ಎಂದ. ಮುದುಕಿಯ ಪಾತ್ರದ ಹುಡುಗಿಗೆ ಎಷ್ಟು ಬಣ್ಣ ಬಳಿದರೂ ಮುಖ ಎಳೆಯದಾಗಿಯೇ ಕಾಣುತ್ತಿತ್ತು. ಹೀಗೆ ಫೋನಿನಲ್ಲಿ ಹಳೆಯ ಫೋಟೊಗಳನ್ನು ಸರಿಸುತ್ತ ಹೋದಾಗ ಚನ್ನಮ್ಮನ ಫೋಟೊ ಸಿಕ್ಕಿತು.

ಅವಳು ಹೊಗೆಗೆ ಹಸಿರು ಕೊಟ್ಟಳು. ಕಣ್ಣಿನ ಕೆಳಗೆ ಕಪ್ಪು ತುಂಬಿದಳು. ಗದ್ದದ ಕೆಳಗಿನಿಂದ ಬೆಂಕಿಯ ಬೆಳಕು ಬಿದ್ದ ಹಾಗೆ ಮಾಡಿದಳು. ಕೆಳಗೆ ಕೆಂಪು ಅಕ್ಷರದಲ್ಲಿ ಹೆಸರು ಇಟ್ಟಳು. ಅದರಲ್ಲಿ 'ಚೇಟಕೀಣ' ಅನ್ನುವುದೇ ದೊಡ್ಡದು. ಗುರುತು ಹತ್ತುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇದು ಯಾರು ಎಂದು ಹರಿದಾಸ ಕೇಳಿದಾಗ, ಯಾರೋ ಒಬ್ಬ ಮುದುಕಿ ಅಂದಳು. ಆಯಿಯನ್ನು ಕೇಳಬೇಕು ಅನ್ನುವುದು ಮನಸ್ಸಿಗೆ ಬಂದಿರಲಿಲ್ಲ ಎಂದಲ್ಲ. ಕೇಳಿದರೆ ಆಯಿ ಬೇಡ ಅಂದಾಳು ಎಂದು ಕೇಳಲಿಲ್ಲ.

ಪೋಸ್ಟರು ಕಾಲೇಜಿನ ಗೋಡೆಗಳಿಗೆ ಹತ್ತಿತು, ಬಸ್ ಸ್ಟಾಂಡಿಗೆ ಹತ್ತಿತು, ಕೊನೆಗೆ ಅವರ ಬಡಾವಣೆಯ ತರಕಾರಿ ಮಾರುವ ಭಾಜಿ ಮಂಡಿಯ ಕಂಬಕ್ಕೂ ಹತ್ತಿತು. ಒಂದು ಸಂಜೆ ಚನ್ನಮ್ಮ ಅದನ್ನು ಹರಿಯದ ಹಾಗೆ ಬಿಡಿಸಿಕೊಂಡು ಭುವನೇಶ್ವರಿಯ ಮನೆಗೆ ತಂದಳು. ಹಳ್ಳಿಯ ಶಾಲೆಯಲ್ಲಿ ಕಲಿತ ನಾಲ್ಕು ಕನ್ನಡ ಅಕ್ಷರ ಬಿಟ್ಟರೆ ಅವಳಿಗೆ ಓದು ಬರುತ್ತಿರಲಿಲ್ಲ. ತನ್ನ ಮುಖ ಮಾತ್ರ ಚೆನ್ನಾಗಿ ಗುರುತಾಗಿತ್ತು.

"ಇದು ನಾನೇ ಹೌದಲ್ಲ ಬೇಟಾ? ಇದರ ಮ್ಯಾಲ ಏನ್ ಬರ್ದಾರ?"

ಅಡುಗೆಮನೆಯಲ್ಲಿ ಅಮ್ಮ ಇದ್ದಳು. ಭುವನೇಶ್ವರಿ ಬಾಯಿಗೆ ಮೊದಲು ಬಂದದ್ದನ್ನು ಹೇಳಿಬಿಟ್ಟಳು: "ಆಯಿ ಅಂತ ಬರ್ದಾರ. ನಾಟಕದ ಹೆಸರು."

ಮರಾಠಿಯಲ್ಲಿ ಆಯಿ ಎಂದರೆ ತಾಯಿ ಎಂದು ಚನ್ನಮ್ಮನಿಗೂ ಗೊತ್ತು. ಅವಳು ಅಕ್ಷರಗಳ ಮೇಲೆ ಬೆರಳಾಡಿಸಿ, ಆಯಿ ಅನ್ನಲಿಕ್ಕೆ ಇಷ್ಟು ಉದ್ದ ಬರೆಯಬೇಕೇನು ಎಂದು ನಕ್ಕಳು. ಬಣ್ಣ ಸ್ವಲ್ಪ ಜಾಸ್ತಿ ಆಯಿತು ಅಂದಳು. ಪೋಸ್ಟರನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡು ಹೋದಳು. ಅವಳನ್ನು ತಡೆದು ನಿಜ ಹೇಳಲು ಭುವನೇಶ್ವರಿಗೆ ಇಡೀ ಸಂಜೆ ಇತ್ತು. ಅವಳು ಹೇಳಲಿಲ್ಲ.

ಮರುದಿನ ಮೊದಲ ಸುತ್ತು. ನಾಟಕ ನಾಸಿಕಕ್ಕೆ ಆಯ್ಕೆಯಾಯಿತು. ತೀರ್ಪುಗಾರರೊಬ್ಬರು ವೇದಿಕೆಯ ಮೇಲೆ ಪೋಸ್ಟರನ್ನು ಹೊಗಳಿ, ಮಾಡಿದವರು ಯಾರು ಎದ್ದು ನಿಲ್ಲಲಿ ಎಂದರು. ಭುವನೇಶ್ವರಿ ಎದ್ದು ನಿಂತಳು, ಚಪ್ಪಾಳೆ ಬಿತ್ತು. ಆ ಸಂತೋಷದಲ್ಲೇ ಮನೆಗೆ ಬಂದರೆ ಅಮ್ಮ ಮುಖ ತಿರುಗಿಸಿ ಕೂತಿದ್ದಳು.

ನಡೆದದ್ದು ಇಷ್ಟು. ಚನ್ನಮ್ಮ ಬೆಳಿಗ್ಗೆ ಹಿಂದಿನ ಗಲ್ಲಿಯ ಶಾಂತಾಬಾಯಿಯ ಮನೆಗೆ ಹೋಗಿದ್ದಳು. ಅಲ್ಲಿ ಸೊಸೆ ಹಸಿ ಬಾಣಂತಿ, ಕೂಸಿಗೆ ಎರೆಯಬೇಕು. ಹೋದವಳೇ ಪೋಸ್ಟರನ್ನು ನೆಲದ ಮೇಲೆ ಹಾಸಿ, ನೋಡಿ, ಕಾಲೇಜಿನವರು ನನ್ನ ಮುಖ ಹಾಕಿದ್ದಾರೆ, ಆಯಿ ಅಂತ ಬರೆದಿದ್ದಾರೆ ಎಂದು ತನ್ನ ಮುರುಕು ಮರಾಠಿಯಲ್ಲಿ ಹೇಳಿಕೊಂಡಿದ್ದಳು. ನೆರೆಯ ಹೆಂಗಸರೂ ಬಗ್ಗಿ ನೋಡಿದರು. ಬಾಣಂತಿಯೇ ಗಟ್ಟಿಯಾಗಿ ಓದಿದಳು. ಯಾರೂ ನಗಲಿಲ್ಲ. ಶಾಂತಾಬಾಯಿ ಬಂದು ಚನ್ನಮ್ಮನ ಕಾಲ ಮೇಲಿದ್ದ ಕೂಸನ್ನು ಎತ್ತಿಕೊಂಡಳು. ಇದು ನಾಟಕ ಅನ್ನುವುದು ನಮಗೆ ತಿಳಿಯುತ್ತದೆ, ಆದರೂ ಬಾಣಂತಿ ಮನೆ, ಮನಸ್ಸು ಕೇಳುವುದಿಲ್ಲ, ನಾಳೆಯಿಂದ ಬರುವುದು ಬೇಡ ಎಂದಳು. ಚನ್ನಮ್ಮ ಎಣ್ಣೆಯ ಕೈಯಲ್ಲೇ ಎದ್ದು ಬಂದಿದ್ದಳು.

ಅಂದಿನಿಂದ ಭುವನೇಶ್ವರಿ ಹಿಂಬಾಗಿಲಿನಿಂದ ಓಡಾಡತೊಡಗಿದಳು. ಗೋಡೆಯಾಚೆ ಚನ್ನಮ್ಮ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕೂತಲ್ಲೇ ಮುದುಡುತ್ತಿದ್ದಳು. ಹೋಗಿ ಕಾಲು ಹಿಡಿ ಎಂದು ಶಿವಗಂಗಾ ಹೇಳಿ ಹೇಳಿ ಬಿಟ್ಟಳು. ಲತಾ ಫೋನು ಮಾಡಿ ತಾಯಿಯನ್ನು ನಾಸಿಕಕ್ಕೆ ಕರೆಸಿಕೊಂಡ ದಿನ ಶಿವಗಂಗಾಳೇ ಚೀಲ ಹಿಡಿದು ರಿಕ್ಷಾದವರೆಗೆ ಹೋದಳು. ಮಗಳು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದಳು. ಚನ್ನಮ್ಮ ಅವರ ಬಾಗಿಲ ಕಡೆ ಒಮ್ಮೆ ನೋಡಿ ರಿಕ್ಷಾ ಹತ್ತಿದಳು.

ಕೊನೆಯ ಸುತ್ತಿಗೆ ತಂಡ ಬಸ್ಸಿನಲ್ಲಿ ನಾಸಿಕಕ್ಕೆ ಹೊರಟಿತು. ರಂಗಮಂದಿರದ ಬಾಗಿಲಿಗೆ ಕಟ್ಟಲು ಹರಿದಾಸ ಅದೇ ಚಿತ್ರವನ್ನು ಆಳೆತ್ತರದ ಫ್ಲೆಕ್ಸಿನಲ್ಲಿ ಮಾಡಿಸಿದ್ದ. ಅದರ ಸುರುಳಿ ದಾರಿಯುದ್ದಕ್ಕೂ ಭುವನೇಶ್ವರಿಯ ಮೊಣಕಾಲಿಗೆ ತಾಗುತ್ತಿತ್ತು. ನಾಸಿಕ ಹತ್ತಿರ ಬಂದಂತೆ ಅವಳು ಹರಿದಾಸನ ಪಕ್ಕ ಹೋಗಿ ಕೂತು ಎಲ್ಲ ಹೇಳಿದಳು. ಅವನು ಮೊದಲು, ನಾಸಿಕದಲ್ಲಿ ಆ ಮುದುಕಿಯನ್ನು ಯಾರು ಬಲ್ಲರು ಎಂದ. ಆಯಿ ಈಗ ನಾಸಿಕದಲ್ಲೇ ಇದ್ದಾಳೆ ಎಂದಳು ಭುವನೇಶ್ವರಿ. ಅವನು, ನಾಟಕ ಬರೆಯುವಾಗ ಮುದುಕಿಯನ್ನು ಹೊರಹಾಕಿದ ಆ ಊರವರ ಮೇಲೆ ತನಗೆ ಬಹಳ ಸಿಟ್ಟಿತ್ತು ಎಂದಷ್ಟೇ ಹೇಳಿದ. ಬಾಗಿಲಿಗೆ ಬೇರೆ ಏನಾದರೂ ಬೇಕೇ ಬೇಕು, ಮಧ್ಯಾಹ್ನದೊಳಗೆ ಮಾಡಿಕೊಡು ಎಂದ.

ಅವಳು ರಂಗಮಂದಿರದ ಪಡಸಾಲೆಯಲ್ಲಿ ಕೂತು ದಪ್ಪ ಹಾಳೆಗಳನ್ನು ಅಂಟಿಸಿ, ಕುಂಚದಿಂದ ನಾಟಕದ ಹೆಸರು ಬರೆದಳು. ಮುಖವಿಲ್ಲ, ಬರೀ ಅಕ್ಷರ. ಅವಸರಕ್ಕೆ ಒಂದೆರಡು ಕಡೆ ಬಣ್ಣ ಇಳಿಯಿತು. ಫ್ಲೆಕ್ಸನ್ನು ಕತ್ತರಿಸಿ ಕಸಕ್ಕೆ ಹಾಕಿ, ರಿಕ್ಷಾ ಹಿಡಿದು ಸಾತಪುರದ ಲತಾಳ ಮನೆಗೆ ಹೋದಳು.

ಬಾಗಿಲು ತೆಗೆದವಳು ಲತಾ. ಚಿಕ್ಕಂದಿನಲ್ಲಿ ಇವಳಿಗೆ ಜಡೆ ಹಾಕಿದವಳು. "ಒಳಗ ಬರ್ರಿ," ಅಂದಳು. ಹೊರಗಿನವರಿಗೆ ಅನ್ನುವ ಆ 'ರಿ' ಕೇಳಿ ಭುವನೇಶ್ವರಿಗೆ ಹೊಸ್ತಿಲಲ್ಲೇ ನಿಲ್ಲುವಂತಾಯಿತು.

ಚನ್ನಮ್ಮ ಗೋಡೆಗೆ ಒರಗಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಭುವನೇಶ್ವರಿ ನೆಲದ ಮೇಲೆ ಕೂತು, ತಪ್ಪಾಯಿತು ಎಂದು ಹೇಳಿ ತಲೆ ತಗ್ಗಿಸಿದಳು. ಚನ್ನಮ್ಮ ಸೊಪ್ಪಿನಿಂದ ಕೈ ತೆಗೆಯಲಿಲ್ಲ.

"ಪಟಾ ಹಾಕಿದ್ದಕ್ಕ ನನಗ ಸಿಟ್ಟಿಲ್ಲ. ನಾಟಕದಾಗ ಏನೇನರ ಮಾಡ್ತಾರ. ನಾ ಕೇಳ್ದಾಗ ನೀ ಹಂಗ್ಯಾಕ ಓದಿದಿ?"

"ಅಂಜಿಕಿ ಬಂತು, ಆಯಿ."

"ನಿನಗ ಅಂಜಿಕಿ ಬಂತು. ನಾ ಅದನ್ನ ಮಂದಿ ಮುಂದ ಹಾಸಕೊಂಡು ಕುಂತೆ."

ಲತಾ ಚಹಾ ತಂದಿಟ್ಟಳು. ಭುವನೇಶ್ವರಿ ಅದನ್ನು ಮುಟ್ಟಲಾರದೆ ಕೂತಳು. ಚನ್ನಮ್ಮ ಬೇರೆ ದನಿಯಲ್ಲಿ ಕೇಳಿದಳು: "ಶಾಂತಾಬಾಯಿ ಮನಿ ಕೂಸಿನ ಹೊಕ್ಕಳ ಇನ್ನಾ ಮಾಗಿದ್ದಿಲ್ಲ. ಈಗ ಯಾರು ಎರೀಲತಾರ ಅದಕ್ಕ?"

ಭುವನೇಶ್ವರಿಗೆ ಗೊತ್ತಿರಲಿಲ್ಲ. ಇಷ್ಟು ದಿನ ತನ್ನ ನಾಚಿಕೆಯನ್ನೇ ಹೊತ್ತು ತಿರುಗಿದ್ದಳು. ಆ ಕೂಸಿನ ನೆನಪು ಒಮ್ಮೆಯೂ ಆಗಿರಲಿಲ್ಲ. ವಿಚಾರಿಸಿ ತಿಳಿಸುತ್ತೇನೆ ಎಂದು ಎದ್ದು ಬಂದಳು. ಚನ್ನಮ್ಮ ಹೋಗಿ ಬಾ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಊರಿಗೆ ಮರಳಿದ ದಿನವೇ ಅವಳು ಶಾಂತಾಬಾಯಿಯ ಮನೆಗೆ ಹೋದಳು. ಆ ಮುಖ ಹಾಕಿದ್ದು ತಾನು, ಮುದುಕಿಗೆ ಸುಳ್ಳು ಓದಿ ಹೇಳಿದ್ದೂ ತಾನೇ ಎಂದಳು. ಶಾಂತಾಬಾಯಿ ಬೇಸರದಿಂದ, ಈಗ ಬೇರೆಯವರನ್ನು ಗೊತ್ತುಮಾಡಿದ್ದೇವೆ ಎಂದಳು. ಕೂಸು ಹೇಗಿದೆ ಎಂದು ಇವಳು ಕೇಳಿದಾಗ ಒಳಗೆ ಕರೆದು ತೋರಿಸಿದಳು. ಹೊಕ್ಕಳು ಒಣಗಿತ್ತು. ಹೊರಡುವಾಗ ಶಾಂತಾಬಾಯಿ ಲತಾಳ ಫೋನ್ ನಂಬರು ಬರೆಸಿಕೊಂಡಳು. ಮುಂದೆ ಮಾತಾಡಿದಳೋ ಇಲ್ಲವೋ ಭುವನೇಶ್ವರಿಗೆ ತಿಳಿಯಲಿಲ್ಲ. ಕೂಸು ಚೆನ್ನಾಗಿದೆ ಎಂದು ಅವಳು ತಾನೇ ಲತಾಳಿಗೆ ಫೋನು ಮಾಡಿ ಹೇಳಿದಳು. "ಹೇಳ್ತೀನ್ರಿ," ಎಂದು ಲತಾ ಇಟ್ಟುಬಿಟ್ಟಳು.

ಚನ್ನಮ್ಮ ತಿರುಗಿ ಬರಲಿಲ್ಲ. ಸಾತಪುರದಲ್ಲಿ ಕಟ್ಟಡ ಕೆಲಸಕ್ಕೆ ಬಂದ ಬೀದರ, ಕಲಬುರಗಿ ಕಡೆಯವರ ಕೂಸುಗಳಿಗೆ ಎರೆಯುತ್ತಾಳಂತೆ ಎಂಬ ಸುದ್ದಿ ಬಂತು. ಬೇಸಿಗೆಯಲ್ಲಿ ಅವಳ ಅಳಿಯ ಸೋಮಲಿಂಗ ಟೆಂಪೊ ತಂದು ಖೋಲಿ ಖಾಲಿ ಮಾಡಿದ. ದೊಡ್ಡವಳಾದ ಮೇಲೆ ಭುವನೇಶ್ವರಿಯನ್ನು ಅವನು ನೋಡಿರಲಿಲ್ಲ. ಅವಳು ಅವನ ಜೊತೆ ಕೂಡಿ ತಾಮ್ರದ ಹಂಡೆ, ಹಿಟ್ಟಿನ ಡಬ್ಬಿ, ಹಾಸಿಗೆ ಎಲ್ಲ ಇಳಿಸಿದಳು. ಹುಡುಗಿ ಕಷ್ಟಪಟ್ಟದ್ದು ನೋಡಿ ಸೋಮಲಿಂಗ ಬಹಳ ಸಂತೋಷಪಟ್ಟ. ಈ ಗಲ್ಲಿಯಲ್ಲಿ ಇಂಥ ನೆರೆಯವರೂ ಇದ್ದಾರಲ್ಲ ಎಂದ. ಅತ್ತೆಯ ಮುಂದೆ ಹೇಳುತ್ತೇನೆ, ಹೆಸರೇನು ಎಂದು ಕೇಳಿದ.

ಏನೂ ಇಲ್ಲ ಬಿಡಿ ಎಂದು ಒಳಗೆ ಹೋಗಬಹುದಿತ್ತು.

"ಭುವನೇಶ್ವರಿ ಅಂತ ಹೇಳ್ರಿ," ಅಂದಳು.

ಸೋಮಲಿಂಗನ ನಗು ನಿಂತಿತು. ಅವಳನ್ನು ಒಂದು ಗಳಿಗೆ ನೋಡಿದ. ತಿರುಗಿ ಸಾಮಾನಿನ ಮೇಲೆ ಹಗ್ಗ ಎಳೆಯತೊಡಗಿದ. ಅವನು ಗಂಟು ಬಿಗಿಯುವವರೆಗೂ ಅವಳು ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ನಿಂತಳು.