ಗಲ್ಲಾ ಪಣಕ್ಕಿಟ್ಟ ಕಿಟ್ಟಣ್ಣ

ನಾಸಿಕದ ಪಂಚವಟಿಯಲ್ಲಿ ಹೋಟೆಲಿಟ್ಟಿದ್ದ ಕಿಟ್ಟಣ್ಣ ಐವತ್ತು ವರ್ಷ ಊಟದ ಮನುಷ್ಯನಾಗಿದ್ದು, ಆಮೇಲೆ ಓಟದ ಮನುಷ್ಯನಾದ. ಕಾರಣ ಆರೋಗ್ಯವಲ್ಲ, ಹೊಟ್ಟೆಕಿಚ್ಚು. ಸಂಭಾಜಿನಗರದಲ್ಲಿ ಹೋಟೆಲಿಟ್ಟಿದ್ದ ಹೆಂಡತಿಯ ತಮ್ಮ ಶ್ರೀರಾಮ್ ಮ್ಯಾರಥಾನ್ ಓಡಿ, ಪದಕವನ್ನು ಗಣಪತಿ ಪಟದ ಪಕ್ಕದಲ್ಲೇ ತೂಗುಹಾಕಿದ್ದ. ಗಿರಾಕಿಗಳು ಎರಡಕ್ಕೂ ಕೈಮುಗಿಯುತ್ತಾರೆಂಬುದು ಕಿಟ್ಟಣ್ಣನ ಸಂಕಟ.

ಹೆಂಡತಿ ಸುಗುಣಾಳ ಸಂಕಟವೇ ಬೇರೆ. ಮದುವೆಯಾದಂದಿನಿಂದ ಸಾಂಬಾರಿನ ಹದ, ಅಡುಗೆಯವರ ಜಗಳ, ತರಕಾರಿಯವನ ಸುಳ್ಳು ಎಲ್ಲ ಅವಳ ಪಾಲಿಗೆ. ದುಡ್ಡಿನ ಪೆಟ್ಟಿಗೆಯ ಹಿಂದೆ ಕೂತು ಯಜಮಾನಿಕೆಯ ನಗು ನಗುವ ಗಲ್ಲಾ ಮಾತ್ರ ಗಂಡನಿಗೆ. ಒಮ್ಮೆ ಶ್ರೀರಾಮನ ಮನೆಯ ಹಬ್ಬದೂಟದಲ್ಲಿ, "ಇನ್ನು ಗಲ್ಲಾದಲ್ಲಿ ನಾನು ಕೂತ್ಕೊಳ್ತೇನೆ" ಅಂದುಬಿಟ್ಟಳು.

"ಹೆಂಗಸು ಗಲ್ಲಾದಲ್ಲಿ ಕೂತರೆ ಗಂಡ ಹೋಗಿಬಿಟ್ಟ ಅಂತ ಜನ ಎಣಿಸ್ತಾರೆ ಮಾರಾಯ್ತಿ," ಎಂದ ಕಿಟ್ಟಣ್ಣ.

"ಭಾವ ನನ್ನೊಟ್ಟಿಗೆ ಒಮ್ಮೆ ಓಡಿದ್ರೆ ಅದೇ ಆಗ್ತದೆ ಅಕ್ಕ," ಎಂದ ಶ್ರೀರಾಮ್.

ಪಂಕ್ತಿಯೆಲ್ಲ ನಕ್ಕಿತು. ಕಿಟ್ಟಣ್ಣ ಪಾಯಸದ ಕೈಯನ್ನೇ ಮೇಲೆತ್ತಿದ. "ಬರುವ ವರ್ಷದ ಓಟದಲ್ಲಿ ಇವನಿಗಿಂತ ಮೊದಲು ಗುರಿ ಮುಟ್ಟದಿದ್ರೆ ಗಲ್ಲಾ ಸುಗುಣಾಳಿಗೆ. ಎಲ್ಲರೂ ಸಾಕ್ಷಿ!"

ತರಬೇತಿಗೆ ವರುಣ ಸಿಕ್ಕಿದ. ನಾಸಿಕದಲ್ಲೇ ಬೆಳೆದು, ಕನ್ನಡವನ್ನು ಅಜ್ಜಿಯೊಟ್ಟಿಗೆ ಫೋನಿನಲ್ಲಿ ಮಾತಾಡಲಿಕ್ಕೆಂದೇ ಇಟ್ಟುಕೊಂಡಿದ್ದ ಜಿಮ್ ಮಾಸ್ತರ. "ಅಂಕಲ್, ಒಂದು ರೌಂಡ್ ಫುಲ್ ಜೋರ್ ಸೆ. ನೆಕ್ಸ್ಟ್ ರೌಂಡ್ ಏಕ್‌ದಮ್ ಹಳೂ, ಸ್ಲೋ, ಉಸಿರು ವಾಪಸ್ ಬರ್ಬೇಕು. ಪುನಃ ಜೋರ್. ಹಳೂ ಮಾಡಿಲ್ಲಾಂದ್ರೆ ಜೋರ್ ಬರೋದೇ ಇಲ್ಲ."

ಕಿಟ್ಟಣ್ಣನ ತಲೆಗೆ ಜೋರು ಹೋಯಿತು, ನಿಧಾನ ಹೋಗಲಿಲ್ಲ. ಕಾಫಿ ಮುಗಿದ ಮೇಲೂ ಕೂತ ಗಿರಾಕಿಯನ್ನು ಮೇಜು ಒರೆಸಿ ಒರೆಸಿ ಎಬ್ಬಿಸುವುದೇ ಕಿಟ್ಟಣ್ಣನ ಜೀವಮಾನದ ವಿದ್ಯೆ. ಒಂದು ಮೇಜು ಸುಮ್ಮನಿದ್ದರೆ ಮೈ ತುರಿಸುವ ಮನುಷ್ಯ, ತನ್ನದೇ ಕಾಲು ಮೈದಾನದಲ್ಲಿ ತಿರುಗಾಡುತ್ತ ಕಾಲ ಕಳೆಯುವುದನ್ನು ಸಹಿಸುತ್ತಾನೆಯೇ? ವರುಣ ಆಚೆ ಹೋದದ್ದೇ ತಡ, ನಿಧಾನದ ಸುತ್ತುಗಳನ್ನೆಲ್ಲ ಕಿತ್ತೆಸೆದು ಎಲ್ಲವನ್ನೂ ಜೋರಾಗಿಯೇ ಓಡತೊಡಗಿದ. ಜೋರು ಎಂದು ಅವನ ನಂಬಿಕೆ. ಸ್ವಲ್ಪ ಹೊತ್ತಿನಲ್ಲೇ ಎದೆಯಿಂದ ಗ್ರೈಂಡರಿಗೆ ಕಲ್ಲು ಸಿಕ್ಕಿದ ಸದ್ದು ಹೊರಡುತ್ತಿತ್ತು. ವಾಕಿಂಗಿಗೆ ಬಂದ ಮುದುಕರು ದಾಟಿ ಹೋದರೆ "ಹಿರಿಯರಲ್ಲವಾ, ಬಿಟ್ಟುಕೊಟ್ಟೆ" ಎನ್ನುತ್ತಿದ್ದ.

ಗಡಿಯಾರ ಹಿಡಿದು ನಿಲ್ಲುವ ಕೆಲಸ ಸುಗುಣಾಳದ್ದು. ವರುಣನ ಮಾತನ್ನು ಪೂರ್ತಿ ಕೇಳಿಸಿಕೊಂಡವಳೂ ಅವಳೇ.

"ಮಧ್ಯೆ ನಿಧಾನ ಹೋಗಿ ಅಂದದ್ದಲ್ಲವಾ ಅವನು?"

"ಅದು ಕೆಲಸ ಗೊತ್ತಿಲ್ಲದವರ ಸೋಮಾರಿತನ. ನೀನು ಗಡಿಯಾರ ನೋಡು, ಬುದ್ಧಿ ಬೇಡ."

ಇನ್ನೊಮ್ಮೆ ಹೇಳಬಹುದಿತ್ತು. ವರುಣನಿಂದ ಹೇಳಿಸಿದ್ದರೆ ಕೇಳುತ್ತಿದ್ದನೋ ಏನೋ. ಸುಗುಣಾ ಬಾಯಿ ತೆರೆದಳು. ಗಲ್ಲಾ ನೆನಪಾಯಿತು. ಬಾಯಿ ಮುಚ್ಚಿ, ವಿಧೇಯಳಾಗಿ ಗಡಿಯಾರ ನೋಡಿದಳು.

ಓಟದ ದಿನ ಸಂಭಾಜಿನಗರದಲ್ಲಿ ಸೀಟಿ ಕೇಳಿದ್ದೇ ತಡ ಕಿಟ್ಟಣ್ಣ ಚಿಮ್ಮಿದ. ಶ್ರೀರಾಮನನ್ನು ದಾಟುವಾಗ ಸಭೆಗೆ ಬಂದ ಮಂತ್ರಿಯಂತೆ ಕೈಬೀಸಿದ. ಆದರೆ ಅರ್ಧ ದಾರಿಯಲ್ಲಿ, ನೀರು ಕೊಡುವಲ್ಲಿ ಕಾದಿದ್ದ ಸುಗುಣಾಳಿಗೆ ಮೊದಲು ಕಂಡದ್ದು ತಮ್ಮನೇ.

"ಭಾವ ಬರ್ತಿದ್ದಾರೆ ಅಕ್ಕ. ಬಾಳೆಹಣ್ಣಿನ ಗಾಡಿಯೊಟ್ಟಿಗೆ ಭಾರೀ ಪೈಪೋಟಿ ಉಂಟು," ಎನ್ನುತ್ತ ಓಡಿದ.

ಗಾಡಿ ಬಂತು. ಬಹಳ ಹೊತ್ತಿನ ಮೇಲೆ ಕಿಟ್ಟಣ್ಣ ಬಂದ, ಮೀನಖಂಡ ಸೆಟೆದು ಏಡಿಯಂತೆ ಅಡ್ಡಡ್ಡ. ರಸ್ತೆಯಂಚಿನಲ್ಲಿ ಕೂತವನು ಮತ್ತೆ ಏಳಲಿಲ್ಲ.

"ಇಲ್ಲಿನ ರಸ್ತೆ ಸರಿ ಇಲ್ಲ," ಎಂದ.

"ಶ್ರೀರಾಮ ಬೇರೆ ಊರಿನ ರಸ್ತೆಯಲ್ಲಿ ಓಡಿದ್ದಾ?" ಎಂದಳು ಸುಗುಣಾ. ಅವನ ಕಾಲು ಉಜ್ಜುತ್ತಿದ್ದಳು, ಬೇಕಾದದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ.

ಮರುದಿನ ಪಂಚವಟಿಯಲ್ಲಿ ಕಿಟ್ಟಣ್ಣನನ್ನು ಮಹಡಿಯಿಂದ ಇಳಿಸಲು ಇಬ್ಬರು ಅಡುಗೆಯವರು ಬೇಕಾದರು. ಇಳಿದು ನೋಡಿದರೆ ಗಲ್ಲಾದ ಕುರ್ಚಿ ಮಗುಚಿ ಬಿದ್ದಿದೆ, ಬಡಗಿ ಅದರ ಕಾಲಿಗೆ ಗರಗಸ ಇಟ್ಟಿದ್ದಾನೆ. ಸುಗುಣಾ ಪೆಟ್ಟಿಗೆಯ ಹಿಂದೆ ನಿಂತೇ ಗಿರಾಕಿಯೊಬ್ಬರಿಗೆ ಚಿಲ್ಲರೆ ಕೊಡುತ್ತಿದ್ದಳು.

"ಏಯ್, ಎಂತ ಮಾಡಿಸ್ತಾ ಇದ್ದೀ?"

"ಎತ್ತರ ಆಯ್ತು. ನನ್ನ ಕಾಲು ನೆಲ ಮುಟ್ಟುವುದಿಲ್ಲ."

"ನಾಲ್ಕು ದಿನದ ಶೋಕಿಗೆ ಕುರ್ಚಿ ಕಡಿಸುವುದಾ? ನನ್ನ ಕಾಲು ಸರಿಯಾಗ್ಲಿ, ಮತ್ತೆ ನಾನು ಹೇಗೆ ಕೂತ್ಕೊಳ್ಳುವುದು ಇದರಲ್ಲಿ?"

ಸುಗುಣಾ ಅವನನ್ನು ನೋಡಿದಳು. ಆಮೇಲೆ ಬಡಗಿಯ ಕಡೆ ತಿರುಗಿ, ಕುರ್ಚಿಯ ಕಾಲಿನಿಂದ ಇನ್ನೂ ಎರಡು ಬೆರಳಿನಷ್ಟು ತೆಗೆಯುವಂತೆ ಮರಾಠಿಯಲ್ಲಿ ಹೇಳಿದಳು.